ಕರುವಿನ ಬಾಯಿಗಿಟ್ಟ ಬೆರಳು

ಆಗ ನಮ್ಮ ಮನೋಳಿಯ ಮನೆಗಳಲ್ಲಿ ದನಗಳಿಗೂ ಮನುಷ್ಯರಿಗೂ ಒಂದೇ ಬಾಗಿಲು. ಎಪ್ಪತ್ತರ ದಶಕದ ಆ ಬೇಸಿಗೆಯಲ್ಲಿ ನನಗೆ ಹತ್ತು ವರ್ಷ, ತಂಗಿ ಶಾಂತಿಗೆ ನಾಲ್ಕು. ನಮ್ಮ ಎಮ್ಮೆ ಕರು ಹಾಕಿ ಮೂರೇ ದಿನಕ್ಕೆ ಸತ್ತಿತು. ಕರುವಿಗೆ ಇನ್ನೊಂದು ಎಮ್ಮೆಯ ಹಾಲು ಕುಡಿಸುವ ಕೆಲಸ ನನ್ನ ಪಾಲಿಗೆ ಬಂತು. ಬೆರಳನ್ನು ಹಾಲಿನಲ್ಲಿ ಅದ್ದಿ ಬಾಯಿಗಿಟ್ಟರೆ ಚೀಪುತ್ತಿತ್ತು; ಹಾಗೇ ಮೆಲ್ಲಗೆ ಅದರ ಮೂತಿಯನ್ನು ಬೋಗುಣಿಗೆ ಇಳಿಸಬೇಕು.

"ನಾನೂ ಇಡ್ತೇನಿ ಅಕ್ಕಾ," ಎಂದು ಶಾಂತಿ ಹಟ ಹಿಡಿದಳು. ನಾನೇ ಅವಳ ಬೆರಳು ಹಿಡಿದು ಕಲಿಸಿದೆ. ಒರಟು ನಾಲಿಗೆ ತಾಗಿದಾಗ ಕಿಲಕಿಲ ನಕ್ಕಳು.

ವಾರದೊಳಗೆ ಕರು ಹಳದಿ ನೀರಿನಂತೆ ಉಚ್ಚಿಕೊಳ್ಳತೊಡಗಿತು. ಅದರ ಹುಳಿ ವಾಸನೆ ಒಲೆಯವರೆಗೂ ಬರುತ್ತಿತ್ತು. ಬಾಲ, ಕಾಲು ಒರೆಸುತ್ತಿದ್ದವರು ನಾವಿಬ್ಬರೇ. ಲಂಗಕ್ಕೆ ಕೈ ಒರೆಸಿಕೊಂಡು ಅದೇ ಕೈಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿದ್ದೆವು. ಕರು ಸತ್ತು ನಾಲ್ಕು ದಿನಕ್ಕೆ ನಮ್ಮಿಬ್ಬರಿಗೂ ಭೇದಿ ಹತ್ತಿತು.

"ನೀರು ಕೊಡಬ್ಯಾಡ್ರಿ. ಕುಡದಷ್ಟೂ ಹರೀತೈತಿ," ಎಂದು ಅಪ್ಪನ ತಾಯಿ, ನಮ್ಮ ಆಯಿ, ಕಟ್ಟಪ್ಪಣೆ ಮಾಡಿದಳು. ಅವ್ವ ದೃಷ್ಟಿ ತೆಗೆದಳು. ನಾನು ಹಿತ್ತಲಿಗೆ ಹೋದಾಗಲೆಲ್ಲ ಕಲ್ಲಿನ ಬಾನಿಯಿಂದ ಬೊಗಸೆ ತುಂಬ ಕದ್ದು ಕುಡಿದೆ. ಶಾಂತಿಗೆ ಎದ್ದು ನಡೆಯುವ ಶಕ್ತಿ ಇರಲಿಲ್ಲ.

"ಅಕ್ಕಾ, ಒಂದ್ ಗುಟಕ..."

"ಆಯಿ ಬೈತಾಳ. ಸುಮ್ನ ಮಲಕೋ."

ಮೂರನೆಯ ದಿನ ಅವಳ ಕಣ್ಣು ಗುಳಿಬಿದ್ದವು. ಅತ್ತರೂ ನೀರು ಬರುತ್ತಿರಲಿಲ್ಲ. ಅವ್ವ ಅವಳನ್ನು ಸೆರಗಿನಲ್ಲಿ ಸುತ್ತಿಕೊಂಡು, ನನ್ನನ್ನೂ ಕರೆದುಕೊಂಡು ಯರಗಟ್ಟಿಯ ಬಸ್ಸು ಹತ್ತಿದಳು. ಅಲ್ಲಿಯ ಡಾಕ್ಟರು ಶಾಂತಿಯ ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರು. ಅದು ಚಿವುಟಿದಂತೆಯೇ ನಿಂತಿತು.

"ನೀರು ಯಾಕ ನಿಲ್ಲಿಸಿದ್ರಿ ತಾಯಿ?"

ಸಲಾಯಿನ್ ಚುಚ್ಚಲು ನರ ಸಿಗುವ ಮೊದಲೇ ಶಾಂತಿ ಹೋದಳು.

ಮರಳಿ ಬರುವಾಗ ಕಂಡಕ್ಟರ್, "ಕೂಸು ಮಲಗೇತೇನ್ರಿ?" ಎಂದು ಕೇಳಿದ.

"ಹೂನ್ರಿ," ಎಂದಳು ಅವ್ವ.

ಎಷ್ಟೋ ವರ್ಷಗಳ ನಂತರ ದನದ ಡಾಕ್ಟರೊಬ್ಬರು ಮಾತಿನ ನಡುವೆ ಹೇಳಿದರು: ಭೇದಿಯಾದ ಎಳಗರುಗಳ ಸೆಗಣಿಯಲ್ಲಿ ಕಣ್ಣಿಗೆ ಕಾಣದ ಪರಾವಲಂಬಿಗಳಿರುತ್ತವೆ, ಕೈಯಿಂದ ಬಾಯಿಗೆ ಹೋದರೆ ಮನುಷ್ಯರ ಕರುಳಿನಲ್ಲೂ ಬೆಳೆಯುತ್ತವೆ. ನಮಗೆ ಬಂದದ್ದೂ ಅದೇ ಇರಬೇಕು. ಅವ್ವನಿಗೆ ನಾನದನ್ನು ತಿಳಿಸಲಿಲ್ಲ. ಕದ್ದು ಕುಡಿದ ನೀರಿನ ಮಾತನ್ನೂ ಹೇಳಲಿಲ್ಲ. ಈಗ ಅಪ್ಪ, ಅವ್ವ, ಆಯಿ ಯಾರೂ ಇಲ್ಲ. ಶಾಂತಿಯದೊಂದು ಫೋಟೊ ಸಹ ತೆಗೆಸಿರಲಿಲ್ಲ. ಅವಳ ಮುಖ ಹೇಗಿತ್ತೆಂದು ಬಲ್ಲವಳು ನಾನೊಬ್ಬಳೇ. ಈಚೆಗೆ ನನಗೂ ಅದು ಸರಿಯಾಗಿ ಕಣ್ಣಮುಂದೆ ಬರುವುದಿಲ್ಲ.