ಪ್ರಸಾದವಾದ ಕಾಡುಹೂವು

ಸ್ಕಂದಗಿರಿಯಲ್ಲಿ ಮಂಡಿ ತರಚಿಕೊಂಡು ಕಿತ್ತ ಒಂದೇ ಒಂದು ನೇರಳೆ ಕಾಡುಹೂವನ್ನು ಪೇಪರಿನ ನಡುವೆ ಇಟ್ಟು, ಮೇಲೆ ಗುಂಡುಕಲ್ಲು ಹೇರಿ, ಹತ್ತು ದಿನ ಒಣಗಿಸಿ ನೋಟ್‌ಬುಕ್ಕಿಗೆ ಸೇರಿಸಿದ್ದೆ. ಚಿಂತಾಮಣಿ ಬಸ್ಸಿನಲ್ಲಿ ಅದನ್ನು ತೆರೆದು ಬೀಗುತ್ತಿದ್ದಾಗ ಪಕ್ಕದ ಅಜ್ಜಿ ಚಪ್ಪಲಿ ಕಳಚಿದರು.

"ಯಾವ ದೇವ್ರ ಪ್ರಸಾದಮ್ಮ?"

"ಪ್ರಸಾದ ಅಲ್ಲಜ್ಜಿ, ಬೆಟ್ಟದ ಹೂವು."

"ಬೆಟ್ಟದ್ದಾ? ಭಾರಿ ಸತ್ಯದ ದೇವ್ರು ಬಿಡು!" ಎಂದು ಎತ್ತಿ ಕಣ್ಣಿಗೊತ್ತಿಕೊಂಡರು. ಪಕ್ಕದಲ್ಲಿ ಹೂವಿನ ಲ್ಯಾಟಿನ್ ಹೆಸರು ಬರೆದಿಟ್ಟಿದ್ದ ಚೀಟಿ ನೋಡಿ, "ಮಂತ್ರಾನೂ ಬರ್ದಿದ್ದೀಯ!" ಎಂದು ಮೆಚ್ಚಿದರು. ನನ್ನ ವಿಜ್ಞಾನ ಬಾಯಿ ತೆರೆಯುವಷ್ಟರಲ್ಲಿ ಹೂವು ಅವರ ಸೆರಗಿನ ಗಂಟು ಸೇರಿತ್ತು.

"ಮೊಮ್ಮಗಳಿಗೆ ನಾಳೆ ಪರೀಕ್ಷೆ ಐತೆ, ಮುಡಿಸ್ತೀನಿ."

"ಯಾವ ಪರೀಕ್ಷೆ ಅಜ್ಜಿ?"

"ಅದೇನೋ, ಗಿಡ ಹೂವಿನ ಹೆಸರೆಲ್ಲ ಬರೀಬೇಕಂತೆ."

ಚೀಟಿಯನ್ನು ಮಾತ್ರ ಧಾರಾಳವಾಗಿ ನನಗೇ ಬಿಟ್ಟು ಇಳಿದರು.