ಗಿಡ್ಡಮ್ಮನ ನೆಲ

ಕಳಸದ ದೇವರಿಗೆಂದು ಹೊರಟ ವ್ಯಾನು ಬಾಳೂರು ದಾಟಿದ ಮೇಲೆ ಹಳೇ ಕಾಫಿ ಎಸ್ಟೇಟ್ ಬಂಗಲೆಯ ಗೇಟಿನೊಳಗೆ ತಿರುಗಿತು. ತಿರುಗಿಸಿದವನು ಧರ್ಮೇಶ. ಬಣಕಲ್‌ನಲ್ಲಿ ಗ್ಯಾರೇಜ್ ಇಟ್ಟುಕೊಂಡಿರುವ ತಣ್ಣಗಿನ ಮನುಷ್ಯ. ಅವನಿಗೆ ಇದ್ದದ್ದು ಒಂದೇ ಹಠ: ತನ್ನ ಅವ್ವ ಈ ಬಂಗಲೆಯೊಳಗೆ ಮುಂಬಾಗಿಲಿನಿಂದ ಹೋಗಬೇಕು. ಈಗ ಬಂಗಲೆಯನ್ನು ಟಿಕೆಟ್ ಇಟ್ಟು ತೋರಿಸುತ್ತಾರೆಂದು ತಿಳಿದ ದಿನವೇ ಅವನು ಈ ಪ್ರಯಾಣ ಗೊತ್ತುಮಾಡಿದ್ದ.

ಹಿಂದಿನ ಸೀಟಿನಲ್ಲಿ ಸೊಸೆ ಸುಕನ್ಯಾಳ ಪಕ್ಕ ಕುಳಿತಿದ್ದ ಗಿಡ್ಡಮ್ಮನಿಗೆ ಬಾಗಿಲಿನ ಚಿಂತೆ ಇರಲಿಲ್ಲ. ಅವಳಿಗೆ ಬೇಕಾದದ್ದು ನೆಲ. ಇಲ್ಲಿನ ಕೂಲಿಯಾಳುಗಳ ಲೈನ್ ಮನೆಯಲ್ಲಿ ಹುಟ್ಟಿ, ಲಂಗ ಉಡುವ ವಯಸ್ಸಿಗೇ ಬಂಗಲೆಯ ಕೆಂಪು ನೆಲಕ್ಕೆ ಮೇಣ ಹಚ್ಚಿ ತೆಂಗಿನ ಸಿಪ್ಪೆಯಲ್ಲಿ ತಿಕ್ಕುವ ಕೆಲಸಕ್ಕೆ ಬಿದ್ದವಳು. ಮದುವೆಯಾಗಿ ಹೋಗುವ ತನಕ ತಿಕ್ಕಿದಳು. ಹಿಂಬಾಗಿಲಿನಿಂದ ಬಂದು, ಮಂಡಿಯೂರಿ ತಿಕ್ಕುತ್ತ ಹಿಂದಕ್ಕೆ ಸರಿದು, ಹಿಂಬಾಗಿಲಿನಿಂದಲೇ ಹೊರಬೀಳಬೇಕು. ಮುಂದಿನ ಜಗಲಿ ಹತ್ತುವ ಹಾಗಿರಲಿಲ್ಲ. ಅನ್ಯಾಯವೇ, ಸುತ್ತಿಬಳಸಿ ಹೇಳುವುದೇನಿದೆ. ಆದರೆ ಲೈನ್ ಮನೆಯಲ್ಲಿ ಕನ್ನಡಿ ಇರಲಿಲ್ಲ. ತನ್ನ ಮುಖ ಹೇಗಿದೆಯೆಂದು ಆ ಹುಡುಗಿ ಮೊದಲ ಸಲ ಕಂಡದ್ದು ತಾನೇ ತಿಕ್ಕಿದ ನೆಲದಲ್ಲಿ. ಮೂಗು ಚೆನ್ನಾಗಿದೆ ಅನ್ನಿಸಿತ್ತು. ಆ ಅಭಿಪ್ರಾಯ ಇವತ್ತಿಗೂ ಬದಲಾಗಿಲ್ಲ.

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ನಗುತ್ತಾರೆ ಅಂತ.

ವ್ಯಾನಿನಿಂದ ಇಳಿದವಳೇ ಹಿತ್ತಲ ದಾರಿಗೆ ಹೊರಳಿದಳು. ಕಾಲಿಗೆ ಗೊತ್ತಿದ್ದದ್ದು ಅದೇ.

"ಅವ್ವಾ, ಆ ಕಡೆ ಅಲ್ಲ! ಟಿಕೆಟ್ ತಗಂಡಿದೀವಿ, ಮುಂದ್ಲಿಂದ ಬಾ" ಎಂದು ಧರ್ಮೇಶ ಕೈಹಿಡಿದು ಜಗಲಿ ಹತ್ತಿಸಿದ. ಸುಕನ್ಯಾ ಮೊಬೈಲ್ ಎತ್ತಿ ಹಿಡಿದಳು. ಗಿಡ್ಡಮ್ಮ ಬಲಗಾಲಿಟ್ಟು ಹೊಸ್ತಿಲು ದಾಟಿ ಕೆಳಗೆ ನೋಡಿದಳು. ಹಾಲ್ ತುಂಬ ಬಿಳೀ ಟೈಲ್ಸ್.

"ಕೆಂಪು ನೆಲ ಎಂತಾಯ್ತು ಮಗಾ?"

ಮನೆ ತೋರಿಸಲು ನಿಂತಿದ್ದ ಹುಡುಗಿ ದೀಪಶ್ರೀ, "ಬಿರುಕು ಬಿಟ್ಟಿತ್ತಂತೆ ಅಜ್ಜಿ, ಮೇಲೆ ಟೈಲ್ಸ್ ಹಾಕ್ಸಿದ್ರು" ಎಂದಳು.

"ನಗು ಅವ್ವಾ, ಫೋಟೋ" ಎಂದ ಮಗ. ಗಿಡ್ಡಮ್ಮನಿಗೆ ನಗು ಬರಲಿಲ್ಲ. ತನ್ನ ಮುಖದ ಮೇಲೇ ಯಾರೋ ಸಿಮೆಂಟು ಬಳಿದಷ್ಟು ಸಂಕಟವಾಯಿತು.

"ಒಂಚೂರೂ ಉಳ್ದಿಲ್ವಾ?"

"ಅಡುಗೆಮನೆ ಪಕ್ಕದ ಓಣಿಲಿ ಉಂಟು ಅಜ್ಜಿ. ಒಳಗಿಂದ ಹೋಗೋ ಬಾಗ್ಲಿಗೆ ಬೀಗ ಹಾಕಿದಾರೆ. ಹಿಂಬಾಗ್ಲಿಂದ ಹೋಗ್ಬೇಕು."

ಗಿಡ್ಡಮ್ಮ ಆಗಲೇ ಜಗಲಿ ಇಳಿಯುತ್ತಿದ್ದಳು. ಧರ್ಮೇಶ ಅಡ್ಡ ನಿಂತ. ಅವನ ಮುಖ ಕೆಂಪೇರಿತ್ತು. "ಬೇಡ ಅವ್ವಾ. ಆ ಬಾಗ್ಲಲ್ಲಿ ನೀನು ಇನ್ನೊಂದ್ಸಲ ಹೋಗದು ನಂಗೆ ನೋಡಕ್ಕಾಗಲ್ಲ."

"ಆಗ ಅವ್ರು ಹೇಳಿದ್ರು ಅಂತ ಹೋಗ್ತಿದ್ದೆ. ಈಗ ನಂಗೆ ಬೇಕು ಅಂತ ಹೋಗ್ತೀನಿ. ಎರಡೂ ಒಂದೇನಾ ಮಾರಾಯ?"

ಧರ್ಮೇಶ ದಾರಿ ಬಿಟ್ಟ.

ಓಣಿಯ ನೆಲ ಧೂಳು ಹಿಡಿದು ಬೂದಿಯ ಬಣ್ಣಕ್ಕೆ ಬಂದಿತ್ತು. ಗಿಡ್ಡಮ್ಮ ಮಂಡಿಯೂರಿ, ಹಬ್ಬಕ್ಕೆ ತಂದ ಸೀರೆಯ ಸೆರಗಿನಿಂದಲೇ ತಿಕ್ಕಿದಳು. ಅತ್ತೆಯ ಮಂಡಿನೋವು ಬಲ್ಲ ಸುಕನ್ಯಾ ತಡೆಯಲು ಹೋಗಿ, ಅವಳ ಮುಖ ನೋಡಿ ಹಿಂದೆ ಸರಿದಳು. ಧರ್ಮೇಶ ಹೊಸ್ತಿಲಾಚೆ ಬೆನ್ನು ಹಾಕಿ ನಿಂತಿದ್ದ. ಮೆಲ್ಲಗೆ ನೆಲದ ಕೆಂಪು ಮೇಲೆದ್ದಿತು.

"ಮಗಾ, ಲೈನ್ ಮನೇಲಿ ಕನ್ನಡಿ ಇರ್ಲಿಲ್ಲ. ನಾನು ಹೆಂಗಿದೀನಿ ಅಂತ ನಂಗೆ ತೋರಿಸಿದ್ದು ಇದೇ. ಬಗ್ಗಿ ನೋಡು, ನಿನ್ ಮೂಗು ಎಲ್ಲಿಂದ ಬಂತು ಅಂತ."

ಧರ್ಮೇಶ ತಿರುಗಿದ. ಆಮೇಲೆ ಶೂ ಬಿಚ್ಚಿಟ್ಟು, ಹಿಂಬಾಗಿಲಿನಿಂದ ಒಳಗೆ ಬಂದು ಅವ್ವನ ಪಕ್ಕ ಮಂಡಿಯೂರಿದ. ಅವಳು ತಿಕ್ಕಿದ್ದು ಒಂದು ಮುಖಕ್ಕಾಗುವಷ್ಟು ಜಾಗ ಮಾತ್ರ. ಅವನು ಜೇಬಿನಿಂದ ಕರ್ಚೀಫು ತೆಗೆದು ಅದರ ಪಕ್ಕಕ್ಕೇ ತಿಕ್ಕತೊಡಗಿದ.