ಅಕ್ಕನ ತಡಿಕೆ

ಆಗ ಸೂಲಿಬೆಲೆ ಕಡೆ ರೇಷ್ಮೆ ಸಾಕುವ ಮನೆಗಳಲ್ಲಿ ಮೊದಲ ಜಾಗ ಹುಳುವಿಗೆ, ಉಳಿದದ್ದು ಮಕ್ಕಳಿಗೆ. ಹುಳು ಮನೆಯಲ್ಲಿದ್ದಷ್ಟು ದಿನ ಊದುಬತ್ತಿ ಹಚ್ಚುವಂತಿಲ್ಲ, ಒಗ್ಗರಣೆ ಹಾಕುವಂತಿಲ್ಲ. ಸಪ್ಪೆ ಸಾರಿನಲ್ಲಿ ಮುದ್ದೆ ಅದ್ದಿ ನುಂಗಿ, ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆಯಲ್ಲೇ ಮಲಗಿ ಏಳುತ್ತಿದ್ದೆವು. ಹಾಗೆ ಬೆಳೆದವರಿಗೆ ನಾನು ಹೇಳುವುದು ಹೊಸದೇನೂ ಅಲ್ಲ.

ನನಗೆ ಆಗ ಹತ್ತು ವರ್ಷ, ಅಕ್ಕ ಮಂಜುಳಾ ಎಸ್ಸೆಸ್ಸೆಲ್ಸಿ. ಇಬ್ಬರಿಗೂ ಸೇರಿ ಹೆಂಚಿನ ಒಂದು ಕೋಣೆಯಿತ್ತು. ಆ ಬೇಸಿಗೆಯಲ್ಲಿ ಶೀಟಿನ ಹುಳುಮನೆ ಕೆಂಡವಾಗಿದ್ದರಿಂದ, ಹುಳುವನ್ನು ನಮ್ಮ ಕೋಣೆಗೆ ತರುತ್ತೇನೆ, ನೀವು ನಡುಮನೆಗೆ ಹೋಗಿ ಎಂದ ಅಪ್ಪ. ನಡುಮನೆಯೆಂದರೆ ಟಿ.ವಿ., ಬಂದು ಹೋಗುವವರು, ಸೊಪ್ಪಿನ ಮೂಟೆ. ಅಲ್ಲಿ ಕುಳಿತು ಓದಿ ಪಾಸಾಗುವುದು ಸುಳ್ಳು. ಪಾಸಾದರೆ ಹೊಸಕೋಟೆ ಕಾಲೇಜು, ಇಲ್ಲವೆಂದರೆ ಮನೆಗೆಲಸ ಎಂದು ಅಪ್ಪ ಮೊದಲೇ ಹೇಳಿಟ್ಟಿದ್ದ.

ಅಕ್ಕ ಅಳಲಿಲ್ಲ. ಕೋಣೆಯನ್ನು ಅಳೆದು, ನೋಟ್ ಪುಸ್ತಕದಲ್ಲಿ ಅದನ್ನು ಹುಳುವಿಗೂ ನಮಗೂ ಎರಡು ಪಾಲು ಮಾಡುವ ಒಂದು ತಡಿಕೆಯ ಚಿತ್ರ ಬರೆದಳು. ಹಳೇ ಬಾಗಿಲಿನ ಪಟ್ಟಿಗಳಿಗೆ ಅಮ್ಮನ ಸೀರೆ ಬಿಗಿದು ಮಡಚುವಂಥ ಮೂರು ಭಾಗ, ಕೆಳಗೆ ಮುರಿದ ಟಿ.ವಿ. ಸ್ಟ್ಯಾಂಡಿನ ಚಕ್ರ. ಹುಳು ಚಿಕ್ಕದಿದ್ದಾಗ ತಡಿಕೆ ಅತ್ತ ಸರಿಯಬೇಕು, ಬೆಳೆದಂತೆ ಇತ್ತ. ನಮ್ಮ ಕಡೆಗೆ ಸರಪಳಿ ಹಾಕಿದ ಒಂದು ಹಲಗೆ. ಇಳಿಸಿದರೆ ಮೇಜು, ಎತ್ತಿ ಸಿಕ್ಕಿಸಿದರೆ ಮಲಗಲು ಜಾಗ. ಅಪ್ಪ ಮರ ಕೊಯ್ದುಕೊಟ್ಟ, ಮೊಳೆ ಹೊಡೆದವಳು ಅವಳೇ. ನೋಡಲು ಬಂದ ಪಕ್ಕದ ಮನೆಯವರ ಮುಂದೆ ಅಪ್ಪ ಅದನ್ನು ನಾಲ್ಕು ಸಲ ಎಳೆದು ತೋರಿಸಿದ.

ಆ ಹಲಗೆಯ ಹತ್ತಿರಕ್ಕೂ ಅವಳು ನನ್ನನ್ನು ಬಿಡುತ್ತಿರಲಿಲ್ಲ. ಕುಂಟೆಬಿಲ್ಲೆ ಆಡಿ ಬಂದ ಮಣ್ಣುಗೈಯಲ್ಲಿ ಮುಟ್ಟಿದರೆ ಎಬ್ಬಿಸಿ ಕಳಿಸುತ್ತಿದ್ದಳು. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಜ್ವರ ಅನ್ನುತ್ತಾರೆ. ಒಂದೊಂದು ಜ್ವರ ಎದ್ದಾಗಲೂ ಹುಳು ದಪ್ಪವಾಗಿ, ಹುಳು ಸಾಕುವ ತಟ್ಟೆಗಳು ಹೆಚ್ಚಿ, ತಡಿಕೆ ನಮ್ಮ ಕಡೆಗೆ ಸರಿಯಿತು. ನಾಲ್ಕನೇ ಜ್ವರ ಏಳುವಷ್ಟರಲ್ಲಿ ನಮಗೆ ಉಳಿದದ್ದು ಒಂದು ಚಾಪೆಯ ಅಗಲ. ಅಷ್ಟರಲ್ಲೇ ಅವಳು ಓದಿದಳು, ನಾನು ಕಾಲು ಮಡಚಿ ಕುಳಿತು ಕರುಬಿದೆ.

ಪರೀಕ್ಷೆಗೆ ಮೂರು ದಿನವಿದ್ದಾಗ ಅಕ್ಕ ಮುಟ್ಟಾದಳು. ಮುಟ್ಟಾದವರು ಹುಳುವಿನ ಹತ್ತಿರ ಸುಳಿಯಬಾರದು, ಕೊಟ್ಟಿಗೆಯ ಜಗಲಿಯಲ್ಲಿರಬೇಕು. ಅಲ್ಲಿ ಲೈಟಿಲ್ಲ, ನೊಣದ ಕಾಟ ಬೇರೆ. ಅಕ್ಕ ನನ್ನ ಕೈ ಹಿಡಿದುಕೊಂಡಳು.

"ಅಮ್ಮಂಗೆ ಹೇಳ್ಬೇಡ ಕಣೇ. ಪರೀಕ್ಷೆ ಒಂದು ಮುಗೀಲಿ."

ಹೇಳುವುದಿಲ್ಲವೆಂದು ಆಣೆಯಿಟ್ಟೆ.

ಮಾರನೆಯ ದಿನ ಹುಳುಗಳು ಊದಿಕೊಂಡು, ಹಾಲಿನಂಥ ನೀರು ಸೋರಿ ಸಾಯತೊಡಗಿದವು. ಅಮ್ಮ ತಲೆಯ ಮೇಲೆ ಕೈ ಹೊತ್ತು, ಯಾರು ಮೈಲಿಗೆ ತಂದಿರಿ ಎಂದು ಕೇಳಿದಳು. ನನ್ನನ್ನು ಯಾರೂ ಹೊಡೆಯಲಿಲ್ಲ, ಹೆದರಿಸಲೂ ಇಲ್ಲ. ಆ ಹಲಗೆಯ ಹೊಟ್ಟೆಕಿಚ್ಚಿಗೆ ಹೇಳಿಬಿಟ್ಟೆ.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸತ್ತ ಹುಳು, ಸೊಪ್ಪಿನ ಕಸದ ಜೊತೆ ತಡಿಕೆಯನ್ನೂ ತಿಪ್ಪೆಯ ಪಕ್ಕಕ್ಕೆ ಹೊತ್ತು ಬೆಂಕಿಯಿಟ್ಟ. ಅಕ್ಕ ಕೊಟ್ಟಿಗೆಯ ಜಗಲಿಯಿಂದಲೇ ಪರೀಕ್ಷೆಗೆ ಹೋಗಿಬಂದಳು. ಗಣಿತ ಹೋಯಿತು. ಇನ್ನೊಂದು ಸಲ ಪರೀಕ್ಷೆ ಕಟ್ಟಿಸಿ ಎಂದು ಹೇಳಲು ಮೇಷ್ಟ್ರು ಮನೆಗೇ ಬಂದರು.

"ಒಂದು ಬೆಳೆ ಹೋಗಿದ್ದೇ ಸಾಕು ಬಿಡಿ ಮೇಷ್ಟ್ರೇ," ಅಂದ ಅಪ್ಪ.

ಅಕ್ಕ ಕೆಲವು ವರ್ಷ ಮನೆಯಲ್ಲೇ ಸೊಪ್ಪು ಹೊತ್ತಳು. ಆಮೇಲೆ ನಮ್ಮ ಜಿಲ್ಲೆಯದೇ ಊರಾದ ಮಧುರೆಗೆ ಮದುವೆ ಮಾಡಿ ಕೊಟ್ಟರು. ಹೊಸಕೋಟೆ ಕಾಲೇಜಿಗೆ ಹೋದವಳು ನಾನು. ಬಿಸಿಲ ಕಾವಿಗೆ, ಸರಿಯಾಗಿ ತೊಳೆಯದ ತಟ್ಟೆಗೆ ಆ ರೋಗ ಬರುತ್ತದೆಂದು ಅಲ್ಲಿ ಓದಿ ತಿಳಿದ ವಾರವೇ ಮಧುರೆಗೆ ಬಸ್ಸು ಹತ್ತಿದೆ. ಅಕ್ಕ ಹಸುವಿನ ಹಾಲು ಕರೆಯುತ್ತಿದ್ದಳು. ನಾನು ಒಂದೇ ಉಸಿರಿಗೆ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು, ಕೈ ನಿಲ್ಲಿಸಲಿಲ್ಲ.

"ನಂಗೆ ಆಗ್ಲೇ ಗೊತ್ತಿತ್ತು ಕಣೇ. ಯಾರು ಕೇಳ್ತಿದ್ರು?"

ಈಗ ಆ ಕಡೆ ಮಕ್ಕಳ ಕೋಣೆಯಲ್ಲಿ ಹುಳು ಸಾಕುವವರಿಲ್ಲ. ಹೊಸಕೋಟೆಯ ನಮ್ಮ ಮನೆಯಲ್ಲಿ ನನ್ನ ಇಬ್ಬರು ಹೆಣ್ಣುಮಕ್ಕಳಿಗೂ ಒಂದೇ ಕೋಣೆ, ದಿನ ಬೆಳಗಾದರೆ ಅದೇ ಜಗಳ. ಕಳೆದ ತಿಂಗಳು ಅಕ್ಕ ಬಂದಿದ್ದಳು. ಕೋಣೆ ತೋರಿಸಿ, ಇಬ್ಬರಿಗೂ ಆಗುವಂಥ ಏನಾದರೂ ನೀನೇ ಯೋಚಿಸಿ ಹೇಳಕ್ಕ ಎಂದೆ. ಪ್ರಾಯಶ್ಚಿತ್ತ ಅಷ್ಟು ಸುಲಭಕ್ಕೆ ಸಿಗುತ್ತದೆಂದು ಆಸೆಪಟ್ಟಿದ್ದೆ. ಅವಳು ಬಾಗಿಲಲ್ಲೇ ನಿಂತು ನಾಲ್ಕೂ ಗೋಡೆ ನೋಡಿದಳು. ತುಂಬ ಹೊತ್ತು ನೋಡಿದಳು.

"ಅದೆಲ್ಲಾ ನಂಗೆಲ್ಲಿ ತಿಳೀತದೆ? ಯಾರಾದ್ರೂ ಬಡಗೀನ ಕರ್ಸು," ಅಂದಳು.

ಮುಖದಲ್ಲಿ ಮುನಿಸು ಹುಡುಕಿದೆ. ಮುನಿಸಿದ್ದರೆ ಕಾಲು ಹಿಡಿಯಬಹುದಿತ್ತು. ಇರಲಿಲ್ಲ. ಅವಳಿಗೆ ನಿಜವಾಗಿಯೂ ತಿಳಿಯುತ್ತಿರಲಿಲ್ಲ.